ಆರನೇ ಟ್ಯಾಂಕು

ಗಂಗಾಮಣಿ ಬೆರಳ ಗೆಣ್ಣು ಮಡಚಿ ನಾಲ್ಕನೇ ಟ್ಯಾಂಕಿಗೆ ಕುಟ್ಟಿದಳು. ದಪ್ಪ ಸದ್ದು ಬಂತು. ಐದನೆಯದಕ್ಕೂ ಅದೇ ಸದ್ದು. ಆರನೆಯದರ ಬುಡಕ್ಕೆ ಕುಟ್ಟಿದಳು, ನಡುವಿಗೆ ಕುಟ್ಟಿದಳು, ತುದಿಗಾಲಲ್ಲಿ ನಿಂತು ಕುತ್ತಿಗೆಗೂ ಕುಟ್ಟಿದಳು. ಮೂರು ಕಡೆಯಲ್ಲೂ ಖಾಲಿ ಡಬ್ಬದ ಸದ್ದು.

ಬಗ್ಗಿ ಪೈಪು ಹುಡುಕಿದಳು. ಟ್ಯಾಂಕಿನ ಬುಡದಿಂದ ಹೊರಟ ಬಿಳಿ ಪೈಪು ತಾರಸಿಯ ಮೋಟುಗೋಡೆಯವರೆಗೆ ಹೋಗಿ ಒಂದು ಹಿಡಿ ಸಿಮೆಂಟಿನಲ್ಲಿ ಕೊನೆಯಾಗಿತ್ತು. ಗೋಡೆಯಾಚೆ ಕತ್ತು ಚಾಚಿ ನೋಡಿದಳು. ಅಲ್ಲಿ ಪೈಪೇ ಇರಲಿಲ್ಲ. ಈ ಟ್ಯಾಂಕಿಗೆ ನೀರು ಬರುವ ದಾರಿಯೂ ಇಲ್ಲ, ಹೋಗುವ ದಾರಿಯೂ ಇಲ್ಲ.

ಕೈಯಲ್ಲಿದ್ದ ನಕ್ಷೆಯನ್ನು ಇನ್ನೊಮ್ಮೆ ಬಿಡಿಸಿದಳು. ಬಿಲ್ಡರ್ ಕೊಟ್ಟ ನಕ್ಷೆಯಲ್ಲಿ ತಾರಸಿಯ ಮೇಲೆ ಐದೇ ಸುತ್ತು. ಕಣ್ಣೆದುರು ಆರು ಟ್ಯಾಂಕು.

ಇದೇ ಟ್ಯಾಂಕುಗಳ ನಡುವೆ, ಕಬ್ಬಿಣದ ಏಣಿಯ ಬುಡದಲ್ಲಿ, ಮಂಗಳವಾರ ಸಂಜೆ ಪಂಪ್ ನೋಡಿಕೊಳ್ಳುವ ಗಿಡ್ಡಯ್ಯ ತಲೆ ಒಡೆದು ಬಿದ್ದಿದ್ದ. ಏಣಿಯಿಂದ ಜಾರಿದ್ದಲ್ಲ, ಹಿಂದಿನಿಂದ ಯಾರೋ ಹೊಡೆದದ್ದು ಎಂದು ಹಾಸನದ ಡಾಕ್ಟರು ಬರೆದುಕೊಟ್ಟಿದ್ದರು. ನಾಲ್ಕು ದಿನವಾಯಿತು, ಅಲ್ಲಿನ ಆಸ್ಪತ್ರೆಯಲ್ಲಿದ್ದ ಗಿಡ್ಡಯ್ಯನಿಗೆ ಪ್ರಜ್ಞೆ ಬಂದಿರಲಿಲ್ಲ.

ಗಂಗಾಮಣಿಗೆ ತನ್ನ ಮೇಲೇ ಸಿಟ್ಟು ಬಂತು. ಬೆಳ್ಳಿಗಿರಿ ಅಪಾರ್ಟ್‌ಮೆಂಟಿಗೆ ಮ್ಯಾನೇಜರಾಗಿ ಎಂಟು ತಿಂಗಳು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ, ಆಲೂರು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗ ಸ್ವಂತ ಇಚ್ಛೆಯಿಂದ ನಿವೃತ್ತಿ. ಇಷ್ಟಿದ್ದೂ ತನ್ನದೇ ಕಟ್ಟಡದ ತಾರಸಿಯಲ್ಲಿ ಎಷ್ಟು ಟ್ಯಾಂಕಿವೆ ಎಂದು ಎಣಿಸಿರಲಿಲ್ಲ. ತಾರಸಿ ಗಿಡ್ಡಯ್ಯನದು ಎಂದು ಬಿಟ್ಟುಬಿಟ್ಟಿದ್ದಳು.

ಆರನೆಯದರ ಮುಚ್ಚಳಕ್ಕೆ ಹಿತ್ತಾಳೆಯ ಹೊಸ ಬೀಗ. ಉಳಿದ ಐದಕ್ಕೆ ತುಕ್ಕು ಹಿಡಿದ ಹಳೆಯವು. ಗಿಡ್ಡಯ್ಯನ ಕೀಗೊಂಚಲಿನಲ್ಲಿ ಟ್ಯಾಂಕಿನ ಕೀಲಿ ಐದೇ ಇದ್ದವು ಎಂದು ಪೊಲೀಸರ ಪಂಚನಾಮೆಯಲ್ಲಿ ಓದಿದ್ದಳು. ಆ ಗೊಂಚಲು ಸಿಕ್ಕಿದ್ದು ಬುಧವಾರ ಬೆಳಿಗ್ಗೆ, ನೂರಾ ನಾಲ್ಕನೇ ಫ್ಲ್ಯಾಟಿನ ಬಾಗಿಲಾಚೆಯ ಚಪ್ಪಲಿ ಸ್ಟ್ಯಾಂಡಿನಲ್ಲಿ.

ನೂರಾ ನಾಲ್ಕರಲ್ಲಿ ಅಸ್ಸಾಮಿನ ನಾಲ್ವರು ಹೆಂಗಸರು ಬಾಡಿಗೆಗಿದ್ದರು. ಊರಾಚೆಯ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಕೆಲಸ. ಗೊಂಚಲು ಸಿಕ್ಕಿದ ಗಳಿಗೆಯಿಂದ ಇಡೀ ಕಟ್ಟಡದ ಬೆರಳು ಅವರ ಕಡೆಗೆ. ಈವತ್ತು ಶನಿವಾರ, ಹನ್ನೊಂದಕ್ಕೆ ಸರ್ವಸದಸ್ಯರ ಸಭೆ. ನೂರಾ ನಾಲ್ಕನ್ನು ಖಾಲಿ ಮಾಡಿಸುವ ನಿರ್ಣಯ ಆಗಲೇ ಬರೆದಿಟ್ಟಾಗಿತ್ತು. ಸಭೆಗೂ ಬರಲಿದ್ದ ಸಬ್ ಇನ್ಸ್‌ಪೆಕ್ಟರ್ ಮಂಜುನಾಥ್ ಅದು ಮುಗಿದ ಮೇಲೆ ಆ ನಾಲ್ವರಲ್ಲಿ ಹಿರಿಯವಳಾದ ಮೋನಿಕಾಳನ್ನು ಠಾಣೆಗೆ ಕರೆದೊಯ್ಯುವವರಿದ್ದರು.

ಗಡಿಯಾರ ನೋಡಿಕೊಂಡಳು. ಒಂಬತ್ತೂಕಾಲು.

ತಾರಸಿಯ ಬಾಗಿಲು ಕಿರುಗುಟ್ಟಿತು. ಬಕೆಟ್ ಹಿಡಿದು ಮೋನಿಕಾ ನಿಂತಿದ್ದಳು. ಮೂವತ್ತರ ಆಸುಪಾಸು, ಸಣ್ಣ ಮೈ, ಬೀಜ ಆರಿಸಿ ಆರಿಸಿ ಉಗುರ ಸಂದು ಕಂದುಬಣ್ಣಕ್ಕೆ ತಿರುಗಿದ ಬೆರಳು. ಆರು ವರ್ಷದ ಹಿಂದೆ ಎಸ್ಟೇಟಿನ ಲೈನಿಗೆ, ಕೂಲಿಯವರ ಸಾಲುಮನೆಗೆ ಬಂದವಳು. ಅಲ್ಲಿ ಕಲಿತ ಕನ್ನಡವೇ ಅವಳ ಕನ್ನಡ.

"ಬಟ್ಟೆ ತಗೊಳ್ಳೋಕೆ ಬಂದೆ ದೀದಿ. ಆಮೇಲೆ ಟೈಮ್ ಕೊಡ್ತಾರೋ ಇಲ್ವೋ."

"ಯಾಕೆ, ಪ್ಯಾಕ್ ಮಾಡ್ತಾ ಇದೀರಾ?"

"ಮಾಡಾಯ್ತು. ಓನರ್ ಫೋನ್ ಮಾಡಿದ್ರು. ಮೀಟಿಂಗಲ್ಲಿ ಹೆಂಗೆ ಹೇಳ್ತಾರೋ ಹಂಗೆ ಅಂದ್ರು."

ಮೋನಿಕಾ ತಂತಿಯ ಮೇಲಿನ ಬಟ್ಟೆ ಎಳೆಯತೊಡಗಿದಳು. ಗಿಡ್ಡಯ್ಯ ಬಿದ್ದಿದ್ದನ್ನು ಮೊದಲು ನೋಡಿದ್ದು ಇವಳೇ. ದುಪಟ್ಟಾ ಹರಿದು ತಲೆಗೆ ಕಟ್ಟಿ, ಐದು ಮಹಡಿ ಇಳಿದು ಓಡಿ ಬಂದು ಗಂಗಾಮಣಿಯನ್ನು ಕರೆದಿದ್ದಳು. ಅದನ್ನೂ ಜನ ಬೇರೆ ಥರ ತಿರುಗಿಸಿದ್ದರು. ಹೊಡೆದವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ ಅಲ್ಲಿ ಬಿದ್ದಿದಾನೆ ಅಂತ.

"ಮೋನಿಕಾ, ಮಂಗಳವಾರ ನೀನು ಎರಡು ಸಲ ಮೇಲೆ ಬಂದೆ ಅಲ್ವಾ?"

"ಹೂಂ. ನಾಕು ಗಂಟೆಗೆ ಬಟ್ಟೆ ಹಾಕೋಕೆ. ಆರೂ ಮುಕ್ಕಾಲಿಗೆ ತಗೊಳ್ಳೋಕೆ. ಪೊಲೀಸಿಗೆ ಹೇಳಿದೀನಿ."

"ನಾಲ್ಕು ಗಂಟೆಗೆ ಇಲ್ಲಿ ಏನೇನಿತ್ತು? ಕಣ್ಣು ಮುಚ್ಕೊಂಡು ನೆನಪು ಮಾಡ್ಕೋ."

ಮೋನಿಕಾ ನಿಜಕ್ಕೂ ಕಣ್ಣು ಮುಚ್ಚಿದಳು. "ಟ್ಯಾಂಕ್. ತಂತಿ. ಮೂರನೇ ಫ್ಲೋರ್ ಆಂಟಿದು ಹಪ್ಪಳ. ಆ ಕಡೆ ಟಾರ್ಪಾಲು, ಅದ್ರ ಮೇಲೆ ಕಾಫಿ."

"ಐದನೇ ಮಹಡಿ ಪ್ರತಾಪ್ ಸರ್‌ದು?"

"ಅವ್ರದೇ. ಹಣ್ಣು ಇನ್ನೂ ಪೂರ್ತಿ ಒಣಗಿರ್ಲಿಲ್ಲ."

"ಆರೂ ಮುಕ್ಕಾಲಿಗೆ?"

ಮೋನಿಕಾಳ ರೆಪ್ಪೆ ಅದುರಿತು. ಕಣ್ಣು ಬಿಟ್ಟು ಗೋಡೆಯ ಬದಿಗೆ ನೋಡಿದಳು. "ಕಾಫಿ ಇರ್ಲಿಲ್ಲ ದೀದಿ. ಟಾರ್ಪಾಲೂ ಇರ್ಲಿಲ್ಲ. ನಾನು ಓಡಿದ್ದು ಆ ಕಡೆಯಿಂದಾನೆ. ಕಾಫಿ ಇದ್ದಿದ್ರೆ ಕಾಲು ಜಾರ್ತಿತ್ತು."

"ಪೊಲೀಸ್ನೋರಿಗೆ ಇದನ್ನ ಹೇಳ್ಲಿಲ್ವಾ?"

"ಕಾಫಿ ಬಗ್ಗೆ ಅವ್ರು ಕೇಳ್ಲೇ ಇಲ್ಲ."

ಗಂಗಾಮಣಿ ನಕ್ಷೆ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಮಂಗಳವಾರ ನಾಲ್ಕರಿಂದ ಆರೂ ಮುಕ್ಕಾಲರ ಒಳಗೆ ಯಾರೋ ಮೇಲೆ ಬಂದು ಕಾಫಿ ಬಾಚಿಕೊಂಡು ಹೋಗಿದ್ದರು. ಕಾಫಿಯ ಯಜಮಾನ ಆ ಹೊತ್ತಿನಲ್ಲಿ ತಾನು ಹೊಂಗಡಹಳ್ಳದ ಎಸ್ಟೇಟಿನಲ್ಲಿದ್ದೆ ಎಂದು ಹೇಳಿಕೆ ಕೊಟ್ಟಿದ್ದ.

"ಮೂಟೆ ಕಟ್ಟಿದ್ದನ್ನ ಹಂಗೇ ಇಡು," ಅಂದಳು. "ಇನ್ನೂ ಹೊರಗೆ ತರಬೇಡ."

ಕೆಳಗಿಳಿದರೆ ನಿವಾಸಿಗಳ ಸಂಘದ ಅಧ್ಯಕ್ಷ ಮಹಾದೇವಯ್ಯ ಆಫೀಸಿನ ಬಾಗಿಲಲ್ಲೇ ಕಾಯುತ್ತಿದ್ದರು. ಆಲೂರಿನಲ್ಲಿ ನಲವತ್ತು ವರ್ಷ ಕಾಫಿ ವ್ಯಾಪಾರ ಮಾಡಿದವರು. ಎಪ್ಪತ್ತು ದಾಟಿದರೂ ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ.

"ನಿರ್ಣಯದ ಪ್ರತಿ ಮೂರು ಭಾಷೇಲೂ ತೆಗೆಸಿ ಇಡಮ್ಮ. ಆಮೇಲೆ ಅರ್ಥ ಆಗ್ಲಿಲ್ಲ ಅಂತ ಯಾರೂ ಅನ್ನಬಾರ್ದು."

"ಸರ್, ಒಂದು ವಾರ ಮುಂದಕ್ಕೆ ಹಾಕೋಕಾಗಲ್ವಾ?"

"ನನಗೇನು ಆ ಹೆಣ್ಮಕ್ಕಳ ಮೇಲೆ ದ್ವೇಷನಾ? ಊರು ಬೆಳೀತಾ ಐತೆ ಗಂಗಮ್ಮ. ಹೆಗ್ಗದ್ದೆ ಕಡೆಯೋರು ಆನೆ ಕಾಟಕ್ಕೆ ಇಲ್ಲಿಗೆ ಬಂದ್ರು. ರಸ್ತೆ ಕೆಲಸದ ಆಂಧ್ರದೋರು ಬಂದ್ರು, ಬೇಕರಿ ಮಲಯಾಳಿಗಳು ಬಂದ್ರು, ಬ್ಯಾಂಕಿನ ಬಂಗಾಳಿ ಬಂದ. ಯಾರನ್ನೂ ಬೇಡ ಅಂದೋನಲ್ಲ ನಾನು. ಆದ್ರೆ ನಲವತ್ತೆರಡು ಮನೆಯೋರು ಹೆದರ್ಕೊಂಡವ್ರೆ. ಹೆದರಿದೋರಿಗೆ ಏನಾದ್ರೂ ಒಂದು ಮಾಡಿ ತೋರಿಸ್ಬೇಕಾಗ್ತದೆ."

ಏನಾದ್ರೂ ಒಂದು ಅಂದರೆ ನಾಲ್ಕು ಮೂಟೆ ಬಟ್ಟೆ ರಸ್ತೆಗೆ ಬೀಳುವುದು ಎಂದು ಗಂಗಾಮಣಿಗೆ ಹೇಳಬೇಕೆನಿಸಿತು. ಬದಲಿಗೆ ಪ್ರಿಂಟರಿಗೆ ಕಾಗದ ಹಾಕಿದಳು. ಅದು ಒಂದೊಂದೇ ಹಾಳೆ ಉಗುಳುತ್ತಿದ್ದರೆ ಅವಳು ನೋಟೀಸುಗಳ ಫೈಲು ತಿರುವತೊಡಗಿದಳು.

ಆನೆ ಬಂದ ಸುದ್ದಿ ಅರಣ್ಯ ಇಲಾಖೆಯಿಂದ ಫೋನಿಗೆ ಬಂದಾಗಲೆಲ್ಲ ಅದನ್ನು ಬರೆದು ಲಿಫ್ಟಿನೊಳಗೆ ಅಂಟಿಸುವುದು ಅವಳದೇ ಕೆಲಸ. ಎಸ್ಟೇಟಿಗೆ ಹೋಗಿಬರುವವರು ಹದಿನೈದು ಮನೆಯವರಿದ್ದರು. ರಸ್ತೆ ತೆರವಾದ ಮೇಲೆ ಚೀಟಿ ಕಿತ್ತು ಫೈಲಿಗೆ ಹಾಕುತ್ತಿದ್ದಳು, ಪೊಲೀಸ್ ಕೆಲಸದಲ್ಲಿ ಅಂಟಿಕೊಂಡ ಚಾಳಿ.

ಮಂಗಳವಾರದ ಚೀಟಿ ಸಿಕ್ಕಿತು. ಎರಡು ಸಾಲು ಓದಿ, ಹಾಳೆಯನ್ನು ಎಳೆದು ತೆಗೆದಳು.

ಹತ್ತೂ ಮುಕ್ಕಾಲಿಗೆ ಲಿಫ್ಟ್ ಹತ್ತಿ ಐದನೇ ಮಹಡಿಗೆ ಹೋದಳು. ಪ್ರತಾಪ್ ಫೋನಿನಲ್ಲಿ ಮಾತಾಡುತ್ತಲೇ ಹೊರಬಂದ. ಸಂಘದ ಕಾರ್ಯದರ್ಶಿ, ಮೂವತ್ತೆಂಟು ವಯಸ್ಸು. ಹೊಂಗಡಹಳ್ಳದಲ್ಲಿ ತೋಟ, ಇಲ್ಲಿ ಮೂರು ಫ್ಲ್ಯಾಟು. ಒಂದರಲ್ಲಿ ತಾನಿದ್ದು ಎರಡನ್ನು ವಾರಾಂತ್ಯದ ಪ್ರವಾಸಿಗಳಿಗೆ ಕೊಡುತ್ತಿದ್ದ.

ಬಾಗಿಲು ಮುಚ್ಚಿತು. ಲಿಫ್ಟ್ ಇಳಿಯತೊಡಗಿತು. ನಾಲ್ಕು ದಾಟಿದ ಮೇಲೆ ಗಂಗಾಮಣಿ ತನ್ನ ಕೀಲಿಯನ್ನು ಗುಂಡಿಗಳ ಕೆಳಗಿನ ತೂತಿಗೆ ತೂರಿಸಿ ತಿರುಗಿಸಿದಳು. ಲಿಫ್ಟ್ ಒಮ್ಮೆ ಜಗ್ಗಿ ನಿಂತಿತು.

"ಏನಾಯ್ತು?"

"ನಾನೇ ನಿಲ್ಲಿಸ್ದೆ ಸರ್. ಎರಡು ಮಾತಾಡೋದೈತೆ."

"ಈ ಲಿಫ್ಟಲ್ಲಾ? ಮೀಟಿಂಗಿಗೆ ಹೊತ್ತಾಯ್ತು ಮಾರಾಯ್ತಿ."

"ಕಾರ್ಯದರ್ಶಿ ಇಲ್ಲದೆ ಮೀಟಿಂಗ್ ಶುರುವಾಗಲ್ಲ. ಮಂಗಳವಾರ ಸಂಜೆ ಎಲ್ಲಿದ್ರಿ?"

"ಪೊಲೀಸ್ನೋರಿಗೆ ಹೇಳಾಗಿದೆ. ಹೊಂಗಡಹಳ್ಳದಲ್ಲಿ, ತೋಟದಲ್ಲಿ. ಆರು ಗಂಟೆಗೆ ಅಲ್ಲಿಂದ ಹೊರಟೆ. ಏಳೂವರೆಗೆ ಇಲ್ಲಿ."

"ದಾರೀಲಿ ಏನಾದ್ರೂ ಸಿಕ್ತಾ?"

"ಏನು ಸಿಗುತ್ತೆ? ಮಂಜಿತ್ತು. ನಿಧಾನಕ್ಕೆ ಬಂದೆ."

ಗಂಗಾಮಣಿ ಚೀಟಿಯನ್ನು ಅವನ ಮುಖದ ಮುಂದೆ ಹಿಡಿದಳು. ತನ್ನದೇ ಅಕ್ಷರವನ್ನು ತಾನೇ ಗಟ್ಟಿಯಾಗಿ ಓದಿದಳು. "ಮಂಗಳವಾರ, ಸಂಜೆ ಐದೂ ಹತ್ತು. ಹೊಂಗಡಹಳ್ಳ ರಸ್ತೆಯಲ್ಲಿ ಮರಿ ಸೇರಿ ಒಂಬತ್ತು ಆನೆ. ಎರಡೂ ಕಡೆಯ ವಾಹನ ತಡೆಯಲಾಗಿದೆ. ಚೀಟಿ ಕೆಳಗೆ ನಾನು ಆಮೇಲೆ ಬರೆದಿರೋದು ನೋಡಿ. ರಸ್ತೆ ತೆರವು, ಎಂಟೂ ಕಾಲು."

ಪ್ರತಾಪ್ ಚೀಟಿ ನೋಡಿದ. ಮತ್ತೆ ನೋಡಿದ.

"ಒಂಬತ್ತು ಆನೆ ಮಧ್ಯೆ ಜೀಪು ತೂರಿಸ್ಕೊಂಡು ಬಂದೋರು ಅದನ್ನ ಯಾರ ಹತ್ರಾನೂ ಹೇಳ್ದೆ ಇರ್ತಾರಾ? ನಾಲ್ಕು ದಿನ ಆಯ್ತು. ನಮ್ಮ ಕಟ್ಟಡದಲ್ಲಿ ಕಾಡುಹಂದಿ ಕಂಡ್ರೂ ಗ್ರೂಪಿಗೆ ಫೋಟೋ ಬೀಳ್ತದೆ."

"ನಾನು... ಒಳದಾರೀಲಿ ಬಂದೆ."

"ಈ ಚೀಟಿ ಮಂಗಳವಾರ ಐದೂ ಕಾಲಿಂದ ರಾತ್ರಿ ನಾನು ಆಸ್ಪತ್ರೆಯಿಂದ ಬಂದು ಕೀಳೋ ತನಕ ಇಲ್ಲೇ ಇತ್ತು, ನಿಮ್ಮ ಮೂಗಿನ ನೇರಕ್ಕೆ. ಏಳೂವರೆಗೆ ಹೊರಗಿಂದ ಬಂದು ಲಿಫ್ಟ್ ಹತ್ತಿದ್ರೆ ಓದಿರ್ತಿದ್ರಿ. ಆಮೇಲೆ ಪೊಲೀಸ್ನೋರಿಗೆ ಬೇರೆ ಊರಿನ ಹೆಸರು ಹೇಳಿರ್ತಿದ್ರಿ. ನೀವು ಅವತ್ತು ಲಿಫ್ಟ್ ಹತ್ತಲೇ ಇಲ್ಲ ಪ್ರತಾಪ್. ಐದನೇ ಮಹಡೀಲೇ ಇದ್ರಿ. ಅಲ್ಲಿಂದ ತಾರಸಿಗೆ ಒಂದೇ ಮೆಟ್ಟಿಲ ಸಾಲು."

ಸರ್ ಅನ್ನುವುದು ಯಾವಾಗ ಬಿದ್ದುಹೋಯಿತೋ ಅವಳಿಗೂ ತಿಳಿಯಲಿಲ್ಲ.

ಪ್ರತಾಪ್ ಲಿಫ್ಟಿನ ಗೋಡೆಗೆ ಬೆನ್ನು ಕೊಟ್ಟ. ಹಾಗೇ ನೆಲಕ್ಕೆ ಜಾರಿ ಕುಳಿತ. ಕೆಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

"ನಾನು ಹೊಡೀಲಿಲ್ಲ ಮೇಡಂ."

"ಹೊಡೆದ್ರಿ ಅಂತ ನಾನು ಅನ್ನಲಿಲ್ಲ."

"ಬೆಳಿಗ್ಗೆ ಗಿಡ್ಡಯ್ಯನಿಗೂ ನನಗೂ ಜಗಳ ಆಗಿತ್ತು. ಸಂಜೆ ಐದರೊಳಗೆ ಕಾಫಿ ಎತ್ತಿ, ತಾರಸಿ ಖಾಲಿ ಇರ್ಬೇಕು ಅಂದ. ನಾಳೆ ಎತ್ತುತೀನಿ ಅಂದ್ರೆ ಕೇಳಲಿಲ್ಲ. ಎರಡು ವರ್ಷದಿಂದ ಹಾಕ್ತಾ ಇದೀನಿ, ಒಂದಿನಾನೂ ಹಂಗೆ ಮಾತಾಡಿದೋನಲ್ಲ. ನಾನೂ ರೇಗ್ದೆ, ಕೊಲ್ತೀನಿ ನೋಡು ಅಂದ್ಬುಟ್ಟೆ. ಮೂರನೇ ಮಹಡಿ ಸುಲೋಚನಮ್ಮ ಅಲ್ಲೇ ಹಪ್ಪಳ ಹಾಕ್ತಾ ಇದ್ರು, ಕೇಳಿಸ್ಕೊಂಡ್ರು."

"ಆಮೇಲೆ?"

"ಆರು ಗಂಟೆಗೆ ಕಾಫಿ ಎತ್ತೋಕೆ ಹೋದೆ. ಮೂಟೆ ಕಟ್ಟಿ ತಿರುಗಿದ್ರೆ ಏಣಿ ಹತ್ರ ಬಿದ್ದವ್ನೆ. ರಕ್ತ. ಉಸಿರಾಡ್ತಿದ್ದ."

"ಉಸಿರಾಡ್ತಿದ್ದ."

"ಹೂಂ."

"ಆರು ಗಂಟೆಗೆ."

ಪ್ರತಾಪ್ ತಲೆ ಎತ್ತಲಿಲ್ಲ. ಮೋನಿಕಾ ನೋಡಿದ್ದು ಆರೂ ಮುಕ್ಕಾಲಿಗೆ. ನಲವತ್ತೈದು ನಿಮಿಷ ಗಿಡ್ಡಯ್ಯ ಆ ಕಾಂಕ್ರೀಟಿನ ಮೇಲೆ, ಜನವರಿಯ ಥಂಡಿಯಲ್ಲಿ ಬಿದ್ದಿದ್ದ. ಠಾಣೆಯಲ್ಲಿದ್ದಾಗ ಗಂಗಾಮಣಿ ಇಂಥ ಸಿಟ್ಟಿನ ಹೊತ್ತಿನಲ್ಲಿ ಎದ್ದು ಹೊರಗೆ ಹೋಗಿ ನೀರು ಕುಡಿದು ಬರುತ್ತಿದ್ದಳು. ಇಲ್ಲಿ ಹೋಗುವುದಕ್ಕೆ ಜಾಗವಿರಲಿಲ್ಲ.

"ಕೀಗೊಂಚಲು?"

"ಪಕ್ಕದಲ್ಲೇ ಬಿದ್ದಿತ್ತು. ಯಾಕೆ ಎತ್ಕೊಂಡ್ನೋ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಕೈಲಿರೋದು ಕಾಣ್ತು. ನನ್ನ ಬೆರಳ ಗುರುತು ಇರುತ್ತೆ ಅಂತ ಒರೆಸ್ದೆ. ಬೆಳಗಿನ ಜಾವ ಹೋಗಿ..."

"ನೂರಾ ನಾಲ್ಕರ ಮುಂದೆ ಇಟ್ರಿ. ಅಲ್ಲೇ ಯಾಕೆ?"

ಅವನ ದನಿಯಲ್ಲಿ ನಾಚಿಕೆ ಇತ್ತು. "ಅವರ ಬಗ್ಗೆ ಹೆಂಗೂ ಜನ ಮಾತಾಡ್ತಾ ಇದ್ರಲ್ಲ ಮೇಡಂ. ಯಾರೂ ಎರಡನೇ ಸಲ ಯೋಚನೆ ಮಾಡಲ್ಲ ಅನ್ನಿಸ್ತು."

ಗಂಗಾಮಣಿ ಕೀಲಿ ತಿರುಗಿಸಿದಳು. ಲಿಫ್ಟ್ ಜಗ್ಗಿ, ಇಳಿಯತೊಡಗಿತು.

"ಈಗ ಇಷ್ಟನ್ನೂ ಕೆಳಗೆ ಹೇಳಿ. ಮಂಜುನಾಥ್ ಸಾಹೇಬ್ರ ಮುಂದೆ, ಎಲ್ಲರ ಮುಂದೆ. ನಾನು ಹೇಳೋದಕ್ಕಿಂತ ನೀವೇ ಹೇಳೋದು ವಾಸಿ."

ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಅರವತ್ತು ಜನ ಕುಳಿತಿದ್ದರು. ಮಹಾದೇವಯ್ಯ ನಿರ್ಣಯದ ಹಾಳೆ ಹಿಡಿದು ಕನ್ನಡಕ ಹಾಕಿಕೊಳ್ಳುತ್ತಿದ್ದರು. ನೂರಾ ನಾಲ್ಕರ ನಾಲ್ವರು ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದರು. ಅವರಿಗೆ ಕುರ್ಚಿ ಸಿಕ್ಕಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ.

ಪ್ರತಾಪ್ ಮೈಕು ತೆಗೆದುಕೊಳ್ಳದೆ ಹೇಳಿದ. ಮೊದಲು ಯಾರಿಗೂ ಕೇಳಲಿಲ್ಲ. ಎರಡನೇ ಸಲ ಕೇಳಿಸಿತು. ಬ್ಯಾಂಕಿನ ಬಂಗಾಳಿಯ ಕಿವಿಯಲ್ಲಿ ಪಕ್ಕದವನು ಹಿಂದಿಗೆ ತಿರುಗಿಸಿ ಹೇಳುತ್ತಿದ್ದುದು ಬಿಟ್ಟರೆ ಇನ್ನೊಂದು ಸದ್ದಿಲ್ಲ.

ಬುಧವಾರ ಬೆಳಿಗ್ಗೆ ಗೊಂಚಲು ಕಂಡು ಮೊದಲು ಕೂಗಿದ್ದು ಸುಲೋಚನಮ್ಮ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆಕೆ ಎದ್ದು, ತಾನು ಕುಳಿತ ಕುರ್ಚಿಯನ್ನೇ ಎತ್ತಿಕೊಂಡು ಹಿಂದಿನ ಕಂಬದವರೆಗೆ ನಡೆದು ಮೋನಿಕಾಳ ಮುಂದೆ ಇಟ್ಟರು. ಮೋನಿಕಾ ಕುರ್ಚಿಯನ್ನು ನೋಡಿದಳು. ಕುಳಿತುಕೊಳ್ಳಲಿಲ್ಲ.

ಮಹಾದೇವಯ್ಯ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. "ಸಭೆ ಮುಂದಕ್ಕೆ ಹಾಕಿದೆ," ಅಂದರು, ಅಷ್ಟೆ.

ಮಂಜುನಾಥ್ ಒಬ್ಬ ಪೇದೆಗೆ ಪ್ರತಾಪನನ್ನು ಒಪ್ಪಿಸಿ ಗಂಗಾಮಣಿಯ ಹತ್ತಿರ ಬಂದ. ಆಲೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವನಿಗೆ ಡೈರಿ ಬರೆಯುವುದನ್ನು ಕಲಿಸಿದವಳು ಅವಳೇ. ನಾಲ್ಕು ಜನರ ಮುಂದೆ ಅವಳು ಅವನನ್ನು ಸರ್ ಅನ್ನುತ್ತಿದ್ದಳು, ಅವನು ಅವಳನ್ನು ಎಲ್ಲಿದ್ದರೂ ಅಕ್ಕ ಅನ್ನುತ್ತಿದ್ದ.

"ಅಕ್ಕ, ಅವನು ಹೊಡೀಲಿಲ್ಲ ಅನ್ನೋದನ್ನ ನೀವು ನಂಬ್ತೀರಾ?"

"ಸದ್ಯಕ್ಕೆ ನಂಬ್ತೀನಿ. ಗಿಡ್ಡಯ್ಯ ಅವತ್ತು ತಾರಸಿ ಖಾಲಿ ಇರ್ಬೇಕು ಅಂದಿದ್ದು ಯಾಕೆ ಅಂತ ನೋಡ್ಬೇಕು. ಬನ್ನಿ ಸರ್, ಮೇಲೆ ಒಂದು ಟ್ಯಾಂಕ್ ಐತೆ. ಅಧ್ಯಕ್ಷರೇ, ನೀವೂ ಬನ್ನಿ. ಆರನೇ ಟ್ಯಾಂಕಿನ ಬೀಗ ಒಡೆಯೋಕೆ ನಿಮ್ಮ ಒಪ್ಪಿಗೆ ಬೇಕು."

"ಆರನೇದಾ?" ಮಹಾದೇವಯ್ಯ ಅವಳನ್ನೇ ನೋಡಿದರು. "ಇರೋದು ಐದಲ್ವಾ? ನೀವು ನೋಡ್ಕೊಳ್ಳಿ. ನನಗೆ ಬೀಪಿ, ಅಷ್ಟು ಎತ್ತರ ಹತ್ತಂಗಿಲ್ಲ."

ಲಿಫ್ಟ್ ಐದನೇ ಮಹಡಿಯವರೆಗೂ ಹೋಗುತ್ತದೆ ಎಂದು ಯಾರೂ ಅವರಿಗೆ ನೆನಪಿಸಲಿಲ್ಲ.

ಪಂಪ್ ರೂಮಿನ ಗರಗಸಕ್ಕೆ ಹಿತ್ತಾಳೆಯ ಬೀಗ ಹತ್ತು ನಿಮಿಷ ತೆಗೆದುಕೊಂಡಿತು. ಮಂಜುನಾಥ್ ತಾನೇ ಏಣಿ ಹತ್ತಿ ಮುಚ್ಚಳ ತೆಗೆದ, ಫೋನಿನ ಬೆಳಕು ಒಳಗೆ ಬಿಟ್ಟ.

"ಏನು?"

"ಗೋಣಿಚೀಲದ ಸುತ್ತು, ಎರಡು. ಒಂದು ಬಿಚ್ಚಿದೆ." ಅರ್ಧ ಮೈ ಒಳಗೆ ಬಗ್ಗಿಸಿದ. ಅವನ ದನಿ ಟ್ಯಾಂಕಿನೊಳಗಿಂದ ಗುಂಯ್‌ಗುಟ್ಟಿ ಬಂತು. "ಇನ್ನೊಂದರಲ್ಲಿ ದಂತ ಐತೆ ಅಕ್ಕ."

ಕೆಳಗಿಳಿಸಿದಾಗ ಅದು ಮಂಜುನಾಥನ ಎದೆಮಟ್ಟಕ್ಕೆ ಬಂತು. ಹಳದಿ ತಿರುಗಿದ ಬಣ್ಣ, ಬುಡದಲ್ಲಿ ಗರಗಸದ ಒರಟು ಗೀರು. ಬಿಚ್ಚಿದ ಚೀಲ ಖಾಲಿ ಇದ್ದರೂ ದಂತದ ಬಳುಕಿದ ಆಕಾರ ಬಿಟ್ಟಿರಲಿಲ್ಲ, ಜೋಡಿ ದಂತವನ್ನು ಯಾರೋ ಆಗಲೇ ಒಯ್ದಿದ್ದರು. ಡಿಸೆಂಬರ್ ಮೊದಲ ವಾರ ಹೆಗ್ಗದ್ದೆಯ ಆಚೆ ಒಂದು ಸಲಗ ಕರೆಂಟ್ ತಂತಿ ತಗುಲಿ ಸತ್ತು ಬಿದ್ದಿತ್ತು, ದಂತ ಎರಡೂ ಇರಲಿಲ್ಲ. ಅರಣ್ಯ ಇಲಾಖೆಯವರು ನಾಯಿ ಬಿಟ್ಟು ತೋಟ ತೋಟ ಜಾಲಾಡಿದ್ದರು. ಅಪಾರ್ಟ್‌ಮೆಂಟಿನ ತಾರಸಿಗೆ ಯಾರೂ ನಾಯಿ ಹತ್ತಿಸಿರಲಿಲ್ಲ.

"ಇಷ್ಟು ದೊಡ್ಡ ಟ್ಯಾಂಕು ಗೇಟು ದಾಟಿ ಒಳಗೆ ಹೆಂಗೆ ಬಂತಕ್ಕ?" ಮಂಜುನಾಥ್ ಅರಣ್ಯದವರಿಗೆ ಫೋನ್ ಹಚ್ಚುತ್ತಲೇ ಕೇಳಿದ.

"ಸಾಮಾನು ಏನೇ ಬಂದ್ರೂ ಗೇಟ್ ಪಾಸ್ ಆಗ್ಲೇಬೇಕು. ನಾನೇ ಮಾಡಿದ ರೂಲು."

ಗೇಟಿನಲ್ಲಿದ್ದ ಕಾವಲುಗಾರ ಸೋಮಯ್ಯ ಡಿಸೆಂಬರಿನ ಫೈಲು ತಂದುಕೊಟ್ಟ. ಗಂಗಾಮಣಿ ಅಲ್ಲೇ ಮೋಟುಗೋಡೆಯ ಮೇಲಿಟ್ಟು ಹಾಳೆ ತಿರುವಿದಳು. ಸೋಫಾ, ವಾಷಿಂಗ್ ಮೆಷಿನ್, ಯಾರದೋ ಮನೆಯ ಮಂಚ. ಹದಿನೆಂಟನೇ ತಾರೀಕು. ಸಾವಿರ ಲೀಟರಿನ ಟ್ಯಾಂಕ್ ಒಂದು, ತಾರಸಿಗೆ. ಒಪ್ಪಿಗೆ ಕೊಟ್ಟವರು ಅನ್ನುವ ಜಾಗದಲ್ಲಿ ಒಂದು ಸಹಿ.

ಅವಳು ಆ ಸಹಿಯನ್ನು ಬಹಳ ಹೊತ್ತು ನೋಡಿದಳು. ಕೊನೆಯ ಅಕ್ಷರದ ಬಾಲ ಎಡಕ್ಕೆ ಬಾಗಿತ್ತು. ನಕಲು ಮಾಡಿದವರಿಗೆ ಆ ಬಾಲ ಬರುವುದಿಲ್ಲ. ಅದು ಅವಳದೇ ಸಹಿ.

ಮಂಜುನಾಥ್ ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿದ್ದ. ಹಾಳೆ ತೆಳ್ಳಗಿತ್ತು, ತೂತಿನಿಂದ ಸುಲಭವಾಗಿ ಬಿಡಿಸಿಕೊಳ್ಳುವಂತಿತ್ತು. ಗಾಳಿ ಬೇರೆ ಜೋರಾಗಿತ್ತು. ಆ ಯೋಚನೆ ಬಂದದ್ದಕ್ಕೇ ಅವಳ ಕಿವಿ ಬಿಸಿಯಾಯಿತು. ಫೈಲನ್ನು ಹಾಗೇ ತೆರೆದು ಅವನ ಮುಂದೆ ಹಿಡಿದಳು.

"ಇದು ನನ್ನ ಸಹಿ ಕಣಪ್ಪ. ನಾನೇ ಹಾಕಿದ್ದು."

ಮಂಜುನಾಥ್ ಫೋನ್ ಇಟ್ಟ. ಹಾಳೆ ನೋಡಿ ಅವಳನ್ನು ನೋಡಿದ. ಹುಡುಗನ ಮುಖ ಹೋಗಿ ಪೊಲೀಸಿನವನ ಮುಖ ಬಂತು. ಅದನ್ನು ಕಲಿಸಿದವಳೂ ಅವಳೇ. "ಯಾವಾಗ ಹಾಕಿದ್ರಿ ಅಕ್ಕ?"

"ಹದಿನಾರಕ್ಕೆ ನನ್ನ ಮೊಣಕಾಲಿಗೆ ಸಣ್ಣ ಆಪರೇಷನ್. ಹದಿನೇಳಕ್ಕೆ ಹಾಸನದ ಆಸ್ಪತ್ರೆಗೆ ಊಟದ ಜೊತೆ ಆಫೀಸಿನ ಕಾಗದ ಒಂದು ಕಟ್ಟು ಬಂತು. ನೋವಿನ ಇಂಜೆಕ್ಷನ್ ಹಾಕಿದ್ರು. ಓದ್ಲಿಲ್ಲ, ಹಾಕ್ತಾ ಹೋದೆ."

"ಯಾರು ತಂದ್ರು?"

ಗಂಗಾಮಣಿ ತಿರುಗಿದಳು. ಬಾಗಿಲ ಬಳಿ ಮೋನಿಕಾ ನಿಂತಿದ್ದಳು. ಯಾವಾಗ ಬಂದಳೋ, ಮೂಟೆ ಬಿಚ್ಚಿ ಒದ್ದೆ ಬಟ್ಟೆಯನ್ನು ಮತ್ತೆ ತಂತಿಗೆ ಹಾಕಲು ತಂದಿದ್ದಳು. ದಂತ ಕಂಡು ಬಕೆಟ್ ಕೆಳಗಿಟ್ಟಿದ್ದಳು.

"ಇವಳು," ಎಂದಳು ಗಂಗಾಮಣಿ. ಈ ಹೆಂಗಸಿಗಾಗಿ ಬುಧವಾರದಿಂದ ಇಡೀ ಕಟ್ಟಡದ ಜೊತೆ ಸೆಣಸಿದ್ದಳು. "ಮೋನಿಕಾ, ಆಸ್ಪತ್ರೆಗೆ ಬಂದಿದ್ದೆಯಲ್ಲ. ಆ ಕಾಗದದ ಚೀಲ ನಿನಗೆ ಯಾರು ಕೊಟ್ರು?"

ಮೋನಿಕಾ ಮಂಜುನಾಥನನ್ನು ನೋಡಿದಳು, ದಂತವನ್ನು ನೋಡಿದಳು.

"ನಿಜ ಹೇಳ್ತೀನಿ ದೀದಿ, ಏನು ಕಾಗದ ಅಂತ ನಂಗೆ ಗೊತ್ತಿಲ್ಲ. ಮೇಡಂಗೆ ನೋವು ಇದೆ, ಜಾಸ್ತಿ ಮಾತಾಡ್ಬೇಡ, ಸೈನ್ ಹಾಕಿಸ್ಕೊಂಡು ಬಾ ಅಂದ್ರು. ಬಸ್ಸಿಗೂ ಅವ್ರೇ ಹತ್ತಿಸಿದ್ರು."

"ಯಾರು?"

"ಗಿಡ್ಡಯ್ಯ ಕಾಕಾ."

ಬೆಳಗಿನ ಮಂಜು ಪೂರ್ತಿ ಸರಿದು, ಕೆಳಗೆ ದೋಣಿಗಲ್ ಕಡೆಗೆ ಇಳಿಯುವ ಹೆದ್ದಾರಿ ಉದ್ದಕ್ಕೂ ಕಾಣುತ್ತಿತ್ತು. ಗಂಗಾಮಣಿಗೆ ಈಗ ಒಂದೇ ತವಕ. ಗಿಡ್ಡಯ್ಯ ಬದುಕಿರುವಾಗಲೇ ಅವನಿಂದ ಮಾತು ತೆಗೆಯಬೇಕು.

"ಗಿಡ್ಡಯ್ಯನ ವಾರ್ಡಿನ ಬಾಗಿಲಲ್ಲಿ ನಿಮ್ಮ ಪೇದೆ ಇದಾನಲ್ಲ?"

"ನಿನ್ನೆ ಮೇಲಿನೋರು ಬಂದೋಬಸ್ತಿಗೆ ಕರೆಸ್ಕೊಂಡ್ರು ಅಕ್ಕ. ಪ್ರಜ್ಞೆ ಇಲ್ಲದೋನಿಗೆ ಕಾವಲು ಯಾಕೆ ಅಂದ್ರು."

ಅವಳು ಆಗಲೇ ವಾರ್ಡಿನ ನಂಬರು ಒತ್ತಿದ್ದಳು. ನರ್ಸ್ ಎತ್ತಿಕೊಂಡಳು, ಎಳೆಯ ದನಿ.

"ಗಿಡ್ಡಯ್ಯನಾ? ಅವರು ಹೋದ್ರಲ್ಲ ಮೇಡಂ. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಶಿಫ್ಟ್ ಮಾಡ್ತೀವಿ ಅಂತ ಆಂಬುಲೆನ್ಸ್ ತಂದು ಕರ್ಕೊಂಡೋದ್ರು. ಹೊರಟು ಒಂದು ಗಂಟೆ ಆಗ್ತಾ ಬಂತು."

"ಯಾರು ಕರ್ಕೊಂಡೋದ್ರು?"

"ಅವರ ಅಣ್ಣ. ಸೈನ್ ಮಾಡಿದಾರೆ. ಪೇಷಂಟಿಗೆ ಬೆಳಿಗ್ಗೆ ಎಚ್ಚರ ಆಗಿತ್ತು ಮೇಡಂ, ಮಾತು ಬರ್ತಿರ್ಲಿಲ್ಲ. ಅಣ್ಣನ್ನ ನೋಡ್ತಿದ್ದಂಗೆ ಅಳೋಕೆ ಶುರು ಮಾಡಿದ್ರು. ಪಾಪ, ನನ್ನ ಕೈ ಬಿಡ್ತಾನೇ ಇರ್ಲಿಲ್ಲ."

ಮಂಗಳವಾರ ಆಸ್ಪತ್ರೆಯ ಫಾರಂ ತುಂಬಿದ್ದು ಗಂಗಾಮಣಿಯೇ. ಸಂಬಂಧಿಕರು ಅನ್ನುವ ಜಾಗದಲ್ಲಿ ಗೀಟು ಎಳೆದಿದ್ದಳು. ಎಸ್ಟೇಟಿನ ಲೈನಿನಲ್ಲಿ ಯಾರೋ ಸಾಕಿ ದೊಡ್ಡವನು ಮಾಡಿದ ಗಿಡ್ಡಯ್ಯನಿಗೆ ಅಣ್ಣ ಇರಲಿಲ್ಲ, ತಮ್ಮ ಇರಲಿಲ್ಲ, ಯಾರೂ ಇರಲಿಲ್ಲ.

ಹಾಸನದಿಂದ ಮಂಗಳೂರಿಗೆ ಹೋಗುವ ಗಾಡಿ ಈ ಕಟ್ಟಡದ ಕೆಳಗೇ ಹಾದುಹೋಗಬೇಕು.

ಅವಳು ಮೋಟುಗೋಡೆಗೆ ಓಡಿದಳು. ಮಂಜುನಾಥ್ ಪಕ್ಕಕ್ಕೆ ಬಂದು ನಿಂತ. ಲಾರಿಗಳ ಸಾಲಿನ ನಡುವೆ ಬಿಳಿಯ ಆಂಬುಲೆನ್ಸ್ ಒಂದು ಬರುತ್ತಿತ್ತು. ಸೈರನ್ ಇಲ್ಲ, ಅವಸರವೂ ಇಲ್ಲ. ಘಾಟಿಯ ತಿರುವಿನ ತನಕ ಹೋಗಿ, ಮಂಗಳೂರಿನ ದಾರಿ ಬಿಟ್ಟು, ಎಡಕ್ಕೆ ಎಸ್ಟೇಟಿನ ಮಣ್ಣುರಸ್ತೆಗೆ ಹೊರಳಿತು. ಸಿಲ್ವರ್ ಮರಗಳ ಸಾಲಿನೊಳಗೆ ಅದರ ಹಿಂಬಾಗಿಲು ಒಮ್ಮೆ ಬಿಸಿಲಿಗೆ ಹೊಳೆದು ಕಾಣದಾಯಿತು.